ಹೆಸರಾದ ಹೋಟೆಲಿನ ಮೀನು

ಪೋರ್ತುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರಕ್ಕೆ ಹೋಗಿಬಂದವರು ಅಲ್ಲಿಯ ಮೀನೂಟವನ್ನು ಹೊಗಳದಿರುವುದು ಅಪೂರ್ವ. ತೇಜು ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವೆಡೆಯಲ್ಲಿ ಹಬ್ಬಿರುವ ಪಟ್ಟಣವದು. ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬೀದಿಬೀದಿಯಲ್ಲಿ ಕೂಗಿ ಮಾರುತ್ತಿದ್ದ ಅಲ್ಲಿಯ ಹೆಂಗಸರು, ನಮ್ಮ ಕರಾವಳಿಯ ಮೊಗವೀರ ಹೆಂಗಸರಂತೆಯೇ, ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದರು. ಆ ಊರಿನಲ್ಲಿ ಓದುತ್ತಿದ್ದ ನಮ್ಮ ಮಗಳನ್ನು ನೋಡಲು 2023ರ ಜನವರಿಯಲ್ಲಿ ನಾವಿಬ್ಬರು ಹೋದೆವು. ತನಗೆ ದೊರೆಯುವ ವಿದ್ಯಾರ್ಥಿವೇತನದಲ್ಲಿ ಮೂರು ತಿಂಗಳು ಹಿಡಿದು ಉಳಿಸಿದ ಹಣದಿಂದ ನಮಗೊಂದು ಊಟ ಹಾಕಿಸಬೇಕೆಂದು ಆಕೆ ನಿಶ್ಚಯಿಸಿದ್ದಳು. ಹೋಟೆಲಿನ ಹೆಸರನ್ನು ಹೇಳುವುದು ಉಚಿತವಲ್ಲ. ಪ್ರವಾಸಿಗಳ ಕೈಪಿಡಿಗಳು ಅದನ್ನು ಕೊಂಡಾಡಿದ್ದವು, ಬಾಗಿಲ ಹೊರಗೆ ಜನರು ಸಾಲುಗಟ್ಟಿ ನಿಂತಿದ್ದರು; ಇಷ್ಟು ಹೇಳಿದರೆ ಸಾಕು.

ನನ್ನ ಹೆಂಡತಿಯ ತವರು ಗಂಗೊಳ್ಳಿ. ಮೀನಿನ ಕಣ್ಣು ತಿಳಿಯಾಗಿದೆಯೇ, ಕಿವಿರು ಕೆಂಪಗಿದೆಯೇ, ಬೆರಳೊತ್ತಿದರೆ ಮಾಂಸ ಮತ್ತೆ ಮೇಲೇಳುವುದೇ ಎಂದು ನೋಡದೆ ಬುಟ್ಟಿಯಿಂದ ಒಂದನ್ನೂ ಎತ್ತಿಕೊಳ್ಳುವವಳಲ್ಲ. ಅಂಥವಳ ಮುಂದೆ ಆ ಊರಿನ ಕೀರ್ತಿಯಾದ ಸುಟ್ಟ ಸಾರ್ಡೀನ್ ಬಂದಿತು. ಸಾರ್ಡೀನೆಂದರೆ ನಮ್ಮ ಬೂತಾಯಿಯ ದಾಯಾದಿ. ಕಲ್ಲುಪ್ಪು ಹಾಕಿ, ಕೆಂಡದ ಮೇಲೆ ಇಡಿಯಾಗಿ ಸುಟ್ಟು, ಬ್ರೆಡ್ಡಿನ ಹೋಳಿನ ಮೇಲಿಟ್ಟು ತಿನ್ನುವುದು ಅಲ್ಲಿಯ ಪದ್ಧತಿ. ಮೀನಿನಿಂದ ಒಸರುವ ಎಣ್ಣೆಯನ್ನೆಲ್ಲ ಆ ಹೋಳು ಹೀರಿಕೊಳ್ಳುವುದರಿಂದ, ಕಟ್ಟಕಡೆಗೆ ತಿನ್ನುವ ಅದಕ್ಕೇ ಹೆಚ್ಚಿನ ರುಚಿಯಂತೆ. ನನ್ನಾಕೆ ಒಂದು ತುಂಡನ್ನು ಬಾಯಿಗಿಟ್ಟಳು. ಬಳಿಕ ಮೀನನ್ನು ಮೆಲ್ಲನೆ ಸರಿಸಿ ಕೆಳಗಿನ ಬ್ರೆಡ್ಡನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅದು ಒಣಗಿಯೇ ಇದ್ದಿತು. ಏನನ್ನೂ ಹೇಳದೆ ನನ್ನ ಮುಖವನ್ನು ನೋಡಿದಳು.

ಆ ಮೀನಿಗೆ ಕೊಬ್ಬು ತುಂಬುವುದು ಬೇಸಗೆಯಲ್ಲಿ. ಜೂನ್ 13ರ ಸಂತ ಅಂತೋನಿಯ ಹಬ್ಬದ ಹಿಂದಿನ ರಾತ್ರಿ ಲಿಸ್ಬನ್ನಿನ ಹಳೆಯ ಕೇರಿಗಳಲ್ಲೆಲ್ಲ ಅದನ್ನು ಸುಡುತ್ತಾರೆ. ಜನವರಿಯಲ್ಲಿ ಅದು ಬಡಕಲು. ಮೇಲಾಗಿ ಅದರ ಸಂತತಿ ಕ್ಷೀಣಿಸಿದುದರಿಂದ ಚಳಿಗಾಲದಲ್ಲಿ ಹಿಡಿಯದಂತೆ ಸರಕಾರವು ತಡೆಯುವುದೂ ಉಂಟು. ನಮ್ಮ ತಟ್ಟೆಗೆ ಬಂದುದು ಬಹುದಿನ ಹಿಮದಲ್ಲಿದ್ದ ಮೀನೆಂಬುದರಲ್ಲಿ ನನ್ನಾಕೆಗೆ ಸಂಶಯವಿರಲಿಲ್ಲ. ಹೆಸರಾದ ಹೋಟೆಲಿನವರ ಕಷ್ಟವೂ ಇದೇ ಇರಬೇಕು: ಹೆಸರು ಕೇಳಿ ಬಂದವರು ಆ ಪದಾರ್ಥವನ್ನೇ ಬೇಡುತ್ತಾರೆ, ಕಡಲು ಕೊಡಲಿ, ಬಿಡಲಿ, 12 ತಿಂಗಳೂ ಅದನ್ನೇ ಬಡಿಸಬೇಕು. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳು ದಡ ಸೇರಿರುವಾಗ ಗಂಗೊಳ್ಳಿಯ ಮನೆಗಳಲ್ಲಿ ಒಣಮೀನಿನ ಚಟ್ನಿಯನ್ನು ಬಡಿಸಲು ಯಾರೂ ನಾಚುವುದಿಲ್ಲ.

ಆಮೇಲೆ ತೂಕದ ಲೆಕ್ಕದಲ್ಲಿ ತರಿಸಿದ ದೊಡ್ಡ ಮೀನಿನ ವಿಷಯವಾಗಿ ಹೇಳತಕ್ಕದ್ದೇನೂ ಇಲ್ಲ; ಹತ್ತಿಯನ್ನು ಅಗಿದಂತಿತ್ತು. ಕೇಳದೆಯೇ ತಂದಿಟ್ಟ ಬ್ರೆಡ್ಡು, ಆಲಿವ್ ಕಾಯಿಗಳನ್ನು ನಾವು ಅತಿಥಿ ಸತ್ಕಾರವೆಂದು ತಿಂದಿರಬಾರದೆಂದು ಮಗಳು ಮೊದಲೇ ಎಚ್ಚರಿಸಿದ್ದಳು. ಆ ದೇಶದಲ್ಲಿ ಮುಟ್ಟಿದರೆ ಅದಕ್ಕೂ ಬೆಲೆಯುಂಟು. ಕಡೆಗೆ ಬಂದ ಚೀಟಿಯಲ್ಲಿ 140 ಯೂರೋ ಬರೆದಿತ್ತು. ಮಗಳು ಹಣವನ್ನು ಎಣಿಸಿಕೊಡುವಾಗ ನಾನು ಕಿಟಕಿಯ ಕಡೆ ನೋಡುತ್ತ ಕುಳಿತೆ. ತಂದೆಯಾದವನು ಅಂಥ ಸಮಯದಲ್ಲಿ ಕೈಚೀಲಕ್ಕೆ ಕೈಹಾಕುವುದು ಸುಲಭ. ಮಕ್ಕಳ ಸಂತೋಷವನ್ನು ಕಸಿಯುವುದೂ ಅಷ್ಟೇ ಸುಲಭ.

ಹೊರಗೆ ಚಳಿಗಾಳಿ ಬೀಸುತ್ತಿತ್ತು. ಸ್ವಲ್ಪ ದೂರ ನಡೆದ ಮೇಲೆ ಮಗಳು, "ಲಾಯ್ಕ್ ಇರ್ಲಿಲ್ಲ, ಅಲ್ದಾ ಅಮ್ಮಾ?" ಎಂದಳು. ಕಂಠವು ಸ್ವಲ್ಪ ಬಿಗಿದಿತ್ತು.

"ಮೀನ್ ಲಾಯ್ಕ್ ಇರ್ಲಿಲ್ಲ ಮಗಾ," ಎಂದು ತಾಯಿ ಅವಳ ತೋಳನ್ನು ಹಿಡಿದುಕೊಂಡಳು. ಸುಳ್ಳು ಹೇಳಿದ್ದರೆ ಹುಡುಗಿ ನಂಬುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಇಬ್ಬರೂ ಮಗಳ ಕೇರಿಯ ಸಂತೆಗೆ ಹೋದರು. ಅಲ್ಲಿ ಕರಪಾವ್ ಎಂಬ ಅಗ್ಗದ ಮೀನುಂಟು. ನೋಟಕ್ಕೆ ಸ್ವಲ್ಪ ಬಂಗುಡೆಯ ಹಾಗೆ. ಭಾಷೆ ಬಾರದಿದ್ದರೂ ನನ್ನಾಕೆ ಕಿವಿರನ್ನು ಎತ್ತಿ ನೋಡಿದ ರೀತಿಯನ್ನು ಕಂಡು, ಮಾರುವವಳು ತಾನೇ ಬೇರೊಂದು ಪೆಟ್ಟಿಗೆಯಿಂದ ಮೀನನ್ನು ಆರಿಸಿ ಕೊಟ್ಟಳಂತೆ. ಊರಿನಿಂದ ಒಯ್ದಿದ್ದ ಮೆಣಸಿನ ಪುಡಿ, ಹುಣಿಸೆಹುಳಿಗಳಿಂದ ಆ ಮಧ್ಯಾಹ್ನ ಸಾರಾಯಿತು. ಅಮೆರಿಕದ ಮೆಣಸನ್ನು ನಮ್ಮ ಕರಾವಳಿಗೆ ತಂದವರೇ ಪೋರ್ತುಗೀಸರು. ನಾವು ಅದನ್ನು ಪುಡಿಮಾಡಿ ಅವರ ಊರಿಗೆ ಒಯ್ದಿದ್ದೆವು. ಮಗಳು ಎರಡು ಸಲ ಬಡಿಸಿಕೊಂಡಳು. ಕೆಳಗಿನ ಮಹಡಿಯ ಮುದುಕಿಯೊಬ್ಬಳು ವಾಸನೆ ಹಿಡಿದು ಮೇಲೆ ಬಂದು, ಪಾತ್ರೆಯೊಳಗೆ ಇಣಿಕಿ, ಕರಪಾವನ್ನು ಇಷ್ಟು ಕೆಂಪಗೆ ಮಾಡುವುದುಂಟೇ ಎಂದು ಕೇಳಿದಳು. ಮಗಳು ಅವಳಿಗೂ ಒಂದು ಬಟ್ಟಲು ತಂದಳು.