ತಲೆಗೆ ತಕ್ಕ ಶಿರಸ್ತ್ರಾಣ

ನಾವು ಈ ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ, ಜೂನ್ ತಿಂಗಳು ಬಂತೆಂದರೆ ತಾಯಂದಿರು ಹೊಲಿಸಿಕೊಡುತ್ತಿದ್ದ ಲಂಗಗಳು ಯಾವಾಗಲೂ ಒಂದು ಗೇಣು ಉದ್ದವಾಗಿರುತ್ತಿದ್ದುವು. ಬೆಳೆಯುವ ಮಕ್ಕಳಲ್ಲವೆ! ಅಂಚನ್ನು ಮಡಿಸಿ ಹೊಲಿದು, ವರ್ಷಕ್ಕೊಂದು ಮಡಿಕೆಯನ್ನು ಬಿಚ್ಚುತ್ತಿದ್ದ ಆ ಮಿತವ್ಯಯವನ್ನು ನಾನು ಈಗಲೂ ಹಳಿಯತಕ್ಕವಳಲ್ಲ. ಆದರೆ ಅದೇ ಬುದ್ಧಿಯನ್ನು ನನ್ನ ಮಗಳ ಶಿರಸ್ತ್ರಾಣದ ವಿಷಯದಲ್ಲಿ ಉಪಯೋಗಿಸಿ ಪಟ್ಟ ಪಶ್ಚಾತ್ತಾಪವನ್ನು ಹಳೆಯ ಸೋದರಿಯರ ಮುಂದೆ ಹೇಳಿಕೊಳ್ಳುವುದು ಉಚಿತವೆಂದು ತೋರುತ್ತದೆ.

ಹನ್ನೊಂದು ವರುಷದ ಹುಡುಗಿಯು ಕುದುರೆಸವಾರಿ ಕಲಿಯಬೇಕೆಂದು ಹಟ ಹಿಡಿದಳು. ನಾನು ಒಂದಂಕ ದೊಡ್ಡದಾದ ಹೆಲ್ಮೆಟ್ಟನ್ನೇ ಆರಿಸಿದೆನು, ಅಂಗಡಿಯವನೂ ತಡೆಯಲಿಲ್ಲ. ಮೂರನೆಯ ವಾರ, ಗಾಳಿಗೆ ಹಾರಿದ ಕಾಗದದ ಚೂರಿಗೆ ಕುದುರೆಯು ಬೆದರಿ ಪಕ್ಕಕ್ಕೆ ಜಿಗಿಯಲಾಗಿ ಮಗಳು ಕೆಳಗೆ ಬಿದ್ದಳು. ಹೆಲ್ಮೆಟ್ಟು ಹಿಂದಕ್ಕೆ ಜಾರಿ, ಯಾವ ಹಣೆಯನ್ನು ಕಾಯಬೇಕಾಗಿತ್ತೋ ಆ ಹಣೆಯೇ ಬಯಲಾಯಿತು. ಏಳು ಹೊಲಿಗೆಗಳು ಬಿದ್ದುವು. ದೇವರ ಕೃಪೆಯಿಂದ ಅದಕ್ಕಿಂತ ಹೆಚ್ಚಿನದೇನೂ ಸಂಭವಿಸಲಿಲ್ಲ. 2008ರ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ್ದ ಅಮೆರಿಕದ ಕೋರ್ಟ್ನಿ ಕಿಂಗ್-ಡೈ ಎಂಬಾಕೆಯು 2010ರಲ್ಲಿ ಬರಿದಲೆಯಲ್ಲಿ ಸವಾರಿ ಮಾಡುತ್ತಿದ್ದಾಗ ಬಿದ್ದು ವಾರಗಟ್ಟಲೆ ಪ್ರಜ್ಞಾಹೀನಳಾಗಿದ್ದ ಸಂಗತಿಯನ್ನು ನಾನು ಓದಿದ್ದು ಆಮೇಲೆ. ಎತ್ತರದ ಟೋಪಿಯೇ ಭೂಷಣವೆನಿಸಿದ್ದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿಯೂ 2021ರಿಂದ ಶಿರಸ್ತ್ರಾಣವು ಕಡ್ಡಾಯವಾಯಿತು.

ಎರಡನೆಯದನ್ನು ಕೊಳ್ಳುವಾಗ ಸವಾರಿ ಕಲಿಸುವ ಉಪಾಧ್ಯಾಯಿನಿಯು ತಾವೇ ಜೊತೆಗೆ ಬಂದರು. ಹುಬ್ಬಿನ ಮೇಲೆ ಒಂದು ಬೆರಳಗಲ ಬಿಟ್ಟು, ಹಿಂದಲೆಯ ಉಬ್ಬಿನ ಮೇಲೆ ಹಾಯುವಂತೆ ಅಳತೆಪಟ್ಟಿಯನ್ನು ಸುತ್ತಿದರು. 53 ಸೆಂಟಿಮೀಟರು ಬಂತು. ಆದರೂ ಅದೇ ಅಂಕದ ಮೊದಲನೆಯದು ಹಣೆಯನ್ನು ಒತ್ತಿತು, ಕಿವಿಗಳ ಮೇಲ್ಗಡೆ ಸಡಿಲವಾಯಿತು. ಸುತ್ತಳತೆ ಒಂದೇ ಆದರೂ ಒಬ್ಬರ ತಲೆ ಗುಂಡಗೂ ಮತ್ತೊಬ್ಬರದು ನೀಳವಾಗಿಯೂ ಇರುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಮೂರನೆಯದು ಸುತ್ತಲೂ ಸಮನಾಗಿ ಕೂತಿತು. ಪಟ್ಟಿ ಬಿಗಿಯದೆಯೇ ಅದನ್ನು ಹಿಡಿದು ಮೆಲ್ಲಗೆ ಅಲುಗಾಡಿಸಿ, "ನೋಡಿರಿ, ಹಣೆಯ ಚರ್ಮವೂ ಹುಬ್ಬುಗಳೂ ಜೊತೆಗೆ ಚಲಿಸುತ್ತವೆ, ಹೀಗಿರಬೇಕು" ಎಂಬದಾಗಿ ಹೇಳಿದರು. ಬಳಿಕ ಪಟ್ಟಿಗಳನ್ನು ಕಿವಿಯ ಕೆಳಗೆ ಕೂಡುವಂತೆ ಸರಿಪಡಿಸಿ, ಗದ್ದದ ಕೆಳಗೆ ಒಂದೆರಡು ಬೆರಳಷ್ಟು ಮಾತ್ರ ಎಡೆಯುಳಿಸಿದರು.

ನಮ್ಮ ಹುಡುಗಿಯರ ಜಡೆಯ ಪ್ರಶ್ನೆಯೊಂದುಂಟು. ನೆತ್ತಿಯ ಮೇಲೆ ತುರುಬು ಕಟ್ಟಿದರೆ ಹೆಲ್ಮೆಟ್ಟು ಮೇಲಕ್ಕೇಳುತ್ತದೆ. ಕತ್ತಿನ ಬಳಿ ತಗ್ಗಾಗಿ ಹೆಣೆಯಬೇಕು, ಅಂಗಡಿಗೂ ಹಾಗೆಯೇ ಹೋಗಬೇಕು. ಮೊದಲ ಸಲ ನಾವು ತಲೆಸ್ನಾನದ ದಿನ, ಬಿಚ್ಚುಗೂದಲಲ್ಲಿ ಹೋಗಿದ್ದೆವು.

ಹೊರಗೊಂದು ಗೀರೂ ಕಾಣದ ಹಳೆಯದನ್ನು ಯಾರಾದರೂ ಬಡ ಮಗುವಿಗೆ ಕೊಟ್ಟರಾಯಿತೆಂದು ನಾನು ಒರೆಸಿಟ್ಟಿದ್ದೆನು. ಉಪಾಧ್ಯಾಯಿನಿಯು ಅದನ್ನು ಕೈಗೆ ತೆಗೆದುಕೊಂಡು, ಒಳಗಿನ ಗಟ್ಟಿ ನೊರೆಪದರವು ಪೆಟ್ಟನ್ನು ತಾನು ನುಂಗಿ ಒಮ್ಮೆ ಅಪ್ಪಚ್ಚಿಯಾದರೆ ಮತ್ತೆ ಉಬ್ಬುವುದಿಲ್ಲವೆಂದು ತಿಳಿಸಿದರು. "ನಿಮ್ಮ ಮಗಳಿಗೆ ಬೇಡವಾದುದು ಇನ್ನೊಬ್ಬರ ಮಗಳಿಗೇಕೆ?" ಎಂದು ಕೇಳಿದರು. ನಾನು ಉತ್ತರ ಕೊಡಲಾರದೆ ಹೊಲಿಗೆಪೆಟ್ಟಿಗೆಯಿಂದ ಕತ್ತರಿಯನ್ನು ತಂದುಕೊಟ್ಟೆನು. ಯಾರೂ ಅದನ್ನು ಮತ್ತೆ ಧರಿಸದಂತೆ ಅವರು ಎರಡು ಪಟ್ಟಿಗಳನ್ನೂ ಬುಡಕ್ಕೆ ಕತ್ತರಿಸಿ ಮೇಜಿನ ಮೇಲಿಟ್ಟರು.