ಏರಿಯಲ್ ಕಿತ್ತ ದಿನ

ಕಾರಿನೊಳಗೇ ಮಳೆ ಬಂತು ಎಂದರೆ ಊರಿನವರು ನಕ್ಕಾರು. 2016ರ ಜುಲೈನಲ್ಲಿ ಪುಣೆಯಲ್ಲಿ ನಮಗೆ ಆದದ್ದು ಅದೇ. ಕೋಥ್ರೂಡಿನ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದೆ, ಒಳಗಿನ ದೀಪದ ಸಂದಿಯಿಂದ ನೀರು ಸುರಿದು ಹೆಂಡತಿಯ ಸೀರೆ ತೊಯ್ದುಹೋಯಿತು. "ಆ ಕಡ್ಡಿ ಕಿತ್ತು ಒಗೀರಿ ಅಂತ ಎಷ್ಟ ಸಲ ಹೇಳೀನಿ!"

ಕಡ್ಡಿ ಎಂದರೆ ಕಾರಿನ ನೆತ್ತಿಯ ಮೇಲಿನ ಏರಿಯಲ್. ಅದನ್ನು ಎಡಕ್ಕೆ ತಿರುಗಿಸಿದರೆ ಸುಮ್ಮನೆ ಕೈಗೆ ಬರುತ್ತದೆ. ರಗಳೆಯೆಲ್ಲ ಬುಡದ್ದು. ಮೆಕ್ಯಾನಿಕ್ ಹುಡುಗ ದೀಪ ಬಿಚ್ಚಿ, ಒಳಗಿನ ಹೊದಿಕೆ ಇಳಿಸಿ ತೋರಿಸಿದ. ಬುಡದ ನಟ್ಟು ಬಣ್ಣವಿಲ್ಲದ ಬರಿ ತಗಡನ್ನೇ ಕಚ್ಚಿ ಹಿಡಿಯಬೇಕಂತೆ. ಇಲ್ಲದಿದ್ದರೆ ಅರ್ತ್ ಸಿಗದೆ ರೇಡಿಯೋ ಬರೇ ಗೊರಗುಟ್ಟುತ್ತದೆ. ಮೇಲಿನ ರಬ್ಬರು ಬಿಸಿಲಿಗೆ ಬಿರಿದ ಮೇಲೆ ತುಕ್ಕು ಹಿಡಿಯುವುದೂ ಆ ಬರಿ ತಗಡಿಗೇ.

ನನ್ನ ಸೆಕೆಂಡ್‌ಹ್ಯಾಂಡ್ ಕಾರಿನಲ್ಲಿ ಅಪ್ಪನಿಗೆ ಸೇರುತ್ತಿದ್ದದ್ದು ಆ ಕಡ್ಡಿಯೊಂದೇ. 2006ರಲ್ಲಿ ಬಂದಾಗ, ರಾತ್ರಿ ಊಟವಾದ ಮೇಲೆ ಕೀಲಿ ಇಸಿದುಕೊಂಡು ಪಾರ್ಕಿಂಗಿಗೆ ಇಳಿಯುತ್ತಿದ್ದರು. ಮನೆಯೊಳಗೆ ಟ್ರಾನ್ಸಿಸ್ಟರ್ ಹಚ್ಚಿದರೆ ಟ್ಯೂಬ್‌ಲೈಟು, ಟಿವಿಗಳ ಕರಕರ. ಮೀಡಿಯಂ ವೇವಿನಲ್ಲಿ ಹಗಲು ಧಾರವಾಡದ ಸುಳಿವೇ ಇರುತ್ತಿರಲಿಲ್ಲ. ಕತ್ತಲಾದರೆ ಅಲೆಗಳು ಮೇಲಿನ ವಾತಾವರಣಕ್ಕೆ ತಾಗಿ ದೂರ ಹೋಗಿ ಬೀಳುತ್ತವಲ್ಲ, ಆಗ 765 ಕಿಲೋಹರ್ಟ್ಸ್‌ನಲ್ಲಿ ಮುಳುಗುತ್ತ ಏಳುತ್ತ ಆಕಾಶವಾಣಿ ಧಾರವಾಡ ಬರುತ್ತಿತ್ತು. "ಹತ್ತೈತಿ, ಬಾರೋ ತಮ್ಮಾ," ಎಂದು ಒಮ್ಮೆ ಕರೆದರು. ಹೋಗಿ ಕೂತೆ. ಯಾರೋ ಜೋಳಕ್ಕೆ ಬೀಳುವ ರೋಗದ ಬಗ್ಗೆ ಹೇಳುತ್ತಿದ್ದರು. ಹೊಲ ಮಾರಿ ಹತ್ತು ವರ್ಷವಾಗಿದ್ದರೂ ಅಪ್ಪ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಮೂರನೆಯ ವಾರ ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಆಫೀಸಿನಲ್ಲಿ ಮೀಟಿಂಗು. ವಾಚ್‌ಮನ್ ಎದುರಿಗೇ, "ದಿನಾ ರೇಡಿಯೋ ಹಚ್ಚಿಕೊಂಡು ಕೂತ್ರ ಬ್ಯಾಟರಿ ಎಲ್ಲಿ ಉಳೀಬೇಕು?" ಎಂದುಬಿಟ್ಟೆ.

"ಆತು ಬಿಡೋ ತಮ್ಮಾ," ಎಂದರು. ಆಮೇಲೆ ಊರಿಗೆ ಹೋಗುವವರೆಗೆ ಕೀಲಿ ಕೇಳಲಿಲ್ಲ. ಮುಂದೆ ಬಂದಾಗಲೂ ಕೇಳಲಿಲ್ಲ. 2011ರಲ್ಲಿ ತೀರಿಕೊಂಡರು.

ಹುಡುಗ ನಟ್ಟು ಸಡಿಲಿಸುತ್ತಿದ್ದಾಗ ಇದನ್ನೆಲ್ಲ ಅವನಿಗೆ ಯಾಕೆ ಹೇಳಿದೆನೋ. ನಮ್ಮವರು ಯಾರೂ ಇಲ್ಲದ ಊರಿನಲ್ಲಿ ಹೀಗೆ ಯಾರ ಮುಂದೋ ಬಾಯಿ ಬಿಡುತ್ತೇವೆ. ಅವನು ತಲೆ ಎತ್ತದೆಯೇ ಮರಾಠಿಯಲ್ಲಿ ಹೇಳಿದ: ಒಂದು ತಾಸು ರೇಡಿಯೋ ಹಚ್ಚಿದರೆ ಒಳ್ಳೆ ಬ್ಯಾಟರಿ ಇಳಿಯುವುದಿಲ್ಲ ಕಾಕಾ, ಅದು ಮುದಿ ಬ್ಯಾಟರಿ ಇರಬೇಕು.

ಮುದಿಯದೇ ಇತ್ತು. ಆ ತಿಂಗಳೇ ಗ್ಯಾರೇಜಿನವರು ಹಾಗೆಂದು ಹೊಸದು ಹಾಕಿಸಿದ್ದರು. ಆ ಮಾತನ್ನು ನಾನು ಅಪ್ಪನಿಗೆ ಹೇಳಲಿಲ್ಲ.

ತುಕ್ಕು ಉಜ್ಜಿ, ಪ್ರೈಮರ್ ಬಳಿದು, ರಬ್ಬರ್ ಬಿರಡೆ ಕೂರಿಸಿ, ಸುತ್ತ ಸಿಲಿಕೋನ್ ಹಚ್ಚಿದ. ಒಂದು ದಿನ ಮಳೆಗೆ ಒಡ್ಡಬೇಡಿ ಎಂದ. ರೇಡಿಯೋದಿಂದ ಬಂದ ತಂತಿ ನೇತಾಡುತ್ತಿತ್ತು. "ಕಾಪೂ ಕಾ?" ಕತ್ತರಿಸಲಾ ಎಂದು ಕತ್ತರಿ ತೆಗೆದ. ಬೇಡ, ಟೇಪು ಸುತ್ತಿ ಒಳಗೇ ಬಿಡು ಎಂದೆ. ಕಡ್ಡಿಯನ್ನು ಡಿಕ್ಕಿಯಲ್ಲಿ ಜಾಕಿನ ಪಕ್ಕ ಇಟ್ಟೆ.

ಮುಂದಿನ ಮಳೆಗೆ ಹೆಂಡತಿ ತಲೆಯ ಮೇಲೆ ಕೈಯೊತ್ತಿ ನೋಡಿದಳು. "ಒಂದ್ ಹನಿನೂ ಇಲ್ಲ ನೋಡ್ರಿ," ಎಂದಳು.