ಕಾಮಿನಿಯ ಸಿಟ್ಟು

1979ರ ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ದೆವ್ವ ಹೊಗುವುದು ಗಂಡಸಿನ ಮೈಯನ್ನು. ಆ ಚಿತ್ರದ ಜೀವ ಇರುವುದೇ ಅಲ್ಲಿ. ತಾನು ಬಯಸಿದವನನ್ನು ಪಡೆಯದೆ ಸತ್ತ ಕಾಮಿನಿ, ಅವನ ಮೈಯನ್ನೇ ತನ್ನ ಮನೆ ಮಾಡಿಕೊಳ್ಳುತ್ತಾಳೆ. ಅನಂತನಾಗ್ ಅವರ ಸೌಮ್ಯ ಮುಖದಲ್ಲಿ ಒಬ್ಬ ಹೆಣ್ಣಿನ ಹಟ ಮೂಡುವಾಗ ನನಗೆ ಇಂದಿಗೂ ಬೆನ್ನಹುರಿ ನಡುಗುತ್ತದೆ. ಎದುರಿಗೆ ಹೆಂಡತಿಯಾಗಿ ಲಕ್ಷ್ಮಿ. ಕೊನೆಗೆ ದಾರಿ ತೋರುವುದು ಮಂತ್ರಾಲಯದ ರಾಯರು.

ಕಲಬುರಗಿ ಸೀಮೆಯವರಿಗೆ ಇದು ಬರೀ ಸಿನಿಮಾ ಅಲ್ಲ. ನಮ್ಮ ಜಿಲ್ಲೆಯಲ್ಲೇ, ಭೀಮಾ–ಅಮರಜಾ ಕೂಡುವಲ್ಲಿ ಗಾಣಗಾಪುರವಿದೆ. ಅಲ್ಲಿ ದತ್ತನ ಮಧ್ಯಾಹ್ನದ ಮಂಗಳಾರತಿ ಹೊತ್ತಿಗೆ ‘ಗಾಳಿ ಹಿಡಿದವರು’ ಚೀರುತ್ತಾರೆ, ಕಂಬ ಹಿಡಿದು ಜೋತಾಡುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಹೆಣ್ಣುಮಕ್ಕಳು. ಮನೆಯಲ್ಲಿ ಬಾಯಿ ಬಿಡಲಾಗದ ಮಾತನ್ನು ದೆವ್ವದ ಹೆಸರಲ್ಲಿ ಆಡುತ್ತಾರೆಂದೇ ನಾನು ನಂಬಿದ್ದೇನೆ.

ಚಿತ್ರದ ನಿರ್ದೇಶಕರು ವಿಜಯ್, ಅಂದರೆ ವಿಜಯ ರೆಡ್ಡಿ. ಆಂಧ್ರದಿಂದ ಬಂದು ಕನ್ನಡದವರೇ ಆಗಿಹೋದವರು. ಮಾಯಾ–ಮಾಟದ ಚಿತ್ರಗಳಿಗೆ ಹೆಸರಾದ, ಉಡುಪಿ ಕಡೆಯ ಬಿ. ವಿಠಲಾಚಾರ್ಯರ ಬಳಿ ಕೆಲಸ ಕಲಿತರು. ಗುರುವಿನ ಭೂತಗಳು ಮಸಣ, ಅರಮನೆಗಳಲ್ಲಿ ಕುಣಿದವು. ಶಿಷ್ಯ ಭೂತವನ್ನು ಅಡುಗೆಮನೆಗೆ, ಮಲಗುವ ಕೋಣೆಗೆ ತಂದರು. 1973ರ ‘ಗಂಧದ ಗುಡಿ’, 1975ರ ‘ಮಯೂರ’, 1977ರ ‘ಸನಾದಿ ಅಪ್ಪಣ್ಣ’ ಅವರವೇ. 1981ರಲ್ಲಿ ತಮ್ಮ ದೆವ್ವದ ಕಥೆಯನ್ನು ರೇಖಾ, ಅನಂತನಾಗ್ ಅವರೊಂದಿಗೆ ಹಿಂದಿಯಲ್ಲಿ ‘ಮಂಗಲ್‌ಸೂತ್ರ’ವಾಗಿಸಿದರು. 1985ರ ‘ತೇರಿ ಮೆಹರ್‌ಬಾನಿಯಾಂ’ನಲ್ಲಿ ಒಡೆಯನನ್ನು ಕೊಂದವರ ಮೇಲೆ ನಾಯಿಯೊಂದು ಸೇಡು ತೀರಿಸಿಕೊಳ್ಳುತ್ತದೆ.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. ಕಂಚಿಯಲ್ಲಿ ಅವಮಾನಗೊಂಡ ಮಯೂರನ ಸಿಟ್ಟಿನಿಂದ ಒಂದು ರಾಜ್ಯವೇ ಹುಟ್ಟಿತು. ಚಿತ್ರಮಂದಿರ ಶಿಳ್ಳೆ ಹಾಕಿತು. ನಾಯಿಯ ಸಿಟ್ಟಿಗೆ ಜನ ಕಣ್ಣೀರಿಟ್ಟರು. ಕಾಮಿನಿಯ ಸಿಟ್ಟನ್ನು ಮಾತ್ರ ಓಡಿಸಬೇಕಾಯಿತು. ಅವಳ ಸೇಡು ನ್ಯಾಯವೆಂದು ನಾನು ಹೇಳುತ್ತಿಲ್ಲ. ಏನೂ ಅರಿಯದ ಹೆಂಡತಿಯ ಬಾಳಿಗೆ ಅವಳು ಬೆಂಕಿ ಇಟ್ಟಿದ್ದಾಳೆ. ಆದರೂ ಸೇಡಿನ ಹಿಂದೆ ನೋವೊಂದು ಇತ್ತಲ್ಲ?

ಶರಣಬಸವೇಶ್ವರರ ಗುಡಿಯ ಕಟ್ಟೆಯ ಮೇಲೆ ಕೂತು ದೊಡ್ಡವ್ವನ ಮುಂದೆ ಇದನ್ನೆತ್ತಿದ್ದೆ. ಆಕೆ ಟಿ.ವಿ.ಯಲ್ಲಿ ಆ ಚಿತ್ರ ಬಂದಾಗಲೆಲ್ಲ ಬಿಡದೆ ನೋಡಿದವಳು. “ಆಕಿ ಸತ್ತಾಳ ಖರೆ, ಆಕಿ ಸಿಟ್ಟು ಸತ್ತಿಲ್ಲ. ನಿನಗೇನ್ ಬೇಕವಾ ಅಂತ ಒಬ್ಬರರ ಆಕಿಗಿ ಕೇಳ್ಯಾರೇನು?” ಅಂದಳು. ಆಮೇಲೆ ಗುಡಿಯ ಕಡೆ ಕೈ ತೋರಿಸಿ, “ಅಪ್ಪ ಹಕ್ಕಿಗೋಳಿಗಿ ಕೇಳ್ಯಾನ ನೋಡು” ಅಂದಳು.

ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಗೆ ಬಂದು ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವರ ಬಗ್ಗೆ ಇಲ್ಲಿ ಮನೆಮನೆಯಲ್ಲೂ ಹೇಳುವ ಕಥೆಯದು. ಹೊಲಕ್ಕೆ ತೆನೆ ತಿನ್ನಲು ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸದೆ, ಉಂಡ ಮೇಲೆ ಬಾಯಾರೀತೆಂದು ನೀರಿಟ್ಟರಂತೆ. ರಾಶಿ ಮಾಡುವಾಗ ಜೋಳ ಕಡಿಮೆಯಾಗಲಿಲ್ಲ. ಹೋಳಿ ಹುಣ್ಣಿಮೆಯ ನಂತರ ಇಲ್ಲಿ ತೇರು ಎಳೆಯುವಾಗ ಸೇರುವ ಲಕ್ಷಾಂತರ ಜನ ಈ ಕಥೆ ಕೇಳಿಯೇ ಬೆಳೆದವರು. ದಾಸೋಹದ ಪಂಕ್ತಿಯಲ್ಲಿ ಯಾರನ್ನೂ ‘ನೀ ಯಾರವ’ ಎಂದು ಕೇಳುವುದಿಲ್ಲ. ಹಸಿವು ಒಂದಿದ್ದರೆ ಸಾಕು. ಕಾಮಿನಿಯದೂ ಹಸಿವೇ ಎಂಬುದು ದೊಡ್ಡವ್ವನ ನಂಬಿಕೆ, ಈಗ ನನ್ನದೂ.

ವಿಜಯ್ 2020ರ ಅಕ್ಟೋಬರಿನಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಹೆದರಿಸುವ ಕಸುಬು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅಳಿಸುವುದೂ ಗೊತ್ತಿತ್ತು. ಶಹನಾಯಿ ಊದುವ ಬಡ ಅಪ್ಪಣ್ಣನ ಸಂಕಟವನ್ನು ಅಷ್ಟು ಹತ್ತಿರದಿಂದ ಕಂಡವರು ಈ ಹೆಣ್ಣಿನ ಸಂಕಟವನ್ನೂ ಕಾಣಬಲ್ಲವರಾಗಿದ್ದರು. ಇನ್ನು ಯಾರಾದರೂ ಕನ್ನಡದಲ್ಲಿ ಅಂಥ ಚಿತ್ರ ಮಾಡುವುದಾದರೆ ನಾನು ಬೇಡುವುದು ಒಂದೇ ದೃಶ್ಯ: ಮಂತ್ರವಾದಿ ಬರುವುದಕ್ಕೆ ಮೊದಲು, ಆ ಮನೆಯ ಹಿರಿಯಳೊಬ್ಬಳು ಅವಳನ್ನು ಎದುರಿಗೆ ಕೂರಿಸಿಕೊಂಡು ದೊಡ್ಡವ್ವ ಕೇಳಿದ ಆ ಮಾತನ್ನು ಕೇಳಲಿ, ಅವಳು ಹೇಳಿ ಮುಗಿಸುವತನಕ ಎದ್ದು ಹೋಗದಿರಲಿ.